ಪಿಟೀಲು ಗುಂಡಿ

ಅಕ್ಕನ ಗಂಡನಿಗೆ ಬಹುವಚನ ಕೊಡಬೇಕು ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ನನ್ನಿಂದ ಆಗಲಿಲ್ಲ. ಪಕ್ಕದ ಮನೆಯಲ್ಲೇ ಬೆಳೆದವನು, ನನ್ನ ಜಡೆ ಹಿಡಿದು ಎಳೆದವನು, ಮದುವೆಯಾದ ಮಾತ್ರಕ್ಕೆ ರಾತ್ರೋರಾತ್ರಿ ಹೇಗೆ ‘ಅವರು’ ಆಗಿಬಿಡುತ್ತಾನೆ? ನನಗೆ ಅವನು ಭಾವ, ಅಷ್ಟೆ. ದ್ವೀಪದ ಉಳಿದ ಜನಕ್ಕೆಲ್ಲ, ಅವನಿಗಿಂತ ಹಿರಿಯರಿಗೂ, ಅವನು ಗುಂಡಿಮಾವ.

ದ್ವೀಪದಲ್ಲಿರುವುದು ಒಂದೇ ರಸ್ತೆ. ದೋಣಿಕಟ್ಟೆಯಲ್ಲಿ ಹುಟ್ಟಿ, ಅಂಗಡಿ ಸಾಲು, ಐಸ್ ಫ್ಯಾಕ್ಟರಿ, ಶಾಲೆ ದಾಟಿ, ಸಮುದ್ರದ ಅಂಚಿನಲ್ಲಿ ಒಂದು ದೊಡ್ಡ ತಿರುವು ತೆಗೆದುಕೊಂಡು, ಕೊನೆಯ ಮನೆಗಳ ಮುಂದೆ ಇನ್ನು ಹೋಗಲು ನೆಲವಿಲ್ಲದೆ ನಿಂತುಬಿಡುತ್ತದೆ. ಅದನ್ನು ನೋಡಿಕೊಳ್ಳುವ ಕೆಲಸ ಭಾವನದು. ಆಚೆ ದಡದ ಇಲಾಖೆ ಅವನಿಗೆ ಕೊಟ್ಟಿದ್ದ ಹುದ್ದೆಯ ಹೆಸರು ಎಷ್ಟು ಉದ್ದವಿತ್ತೆಂದರೆ ಅವನ ಬಾಯಿಗೇ ಪೂರ್ತಿ ಬರುತ್ತಿರಲಿಲ್ಲ. ಕೈಕೆಳಗೆ ಇಬ್ಬರು ಕೂಲಿಯವರು, ಒಂದು ತಳ್ಳುಗಾಡಿ, ಒಂದು ರೋಲರ್. ರೋಲರ್‌ಗೆ ಮನಸ್ಸು ಬಂದರೆ ಓಡುತ್ತಿತ್ತು, ಇಲ್ಲದಿದ್ದರೆ ಇಲ್ಲ.

ನಮ್ಮಲ್ಲಿ ಮರಳು ಬೇಕಾದಷ್ಟಿದೆ, ಕಲ್ಲು ಒಂದು ಬೊಗಸೆಯೂ ಇಲ್ಲ. ಜಲ್ಲಿ, ಡಾಂಬರಿನ ಡ್ರಮ್ಮು, ಸಿಮೆಂಟು ಎಲ್ಲವೂ ಗಾಳಿಗಾಲ ಮುಗಿದು ಸಮುದ್ರ ತಣ್ಣಗಾದ ಮೇಲೆ ಸರಕಿನ ದೋಣಿಯಲ್ಲಿ ಬರಬೇಕು. ವರ್ಷಕ್ಕೊಮ್ಮೆ ಬಂದಷ್ಟೇ ಬಂತು. ಅದು ಯಾವತ್ತೂ ಇಡೀ ರಸ್ತೆಗೆ ಸಾಲುವುದಿಲ್ಲ. ಹಾಗಾಗಿ ಎಲ್ಲಿ ಹಾಕುವುದು, ಎಲ್ಲಿ ಬಿಡುವುದು ಎಂದು ಮೊದಲೇ ಕೂತು ಮಾತಾಡಬೇಕು. ಶಾಲೆಯ ಹಾಲಿನಲ್ಲಿ ಮನೆಗೊಬ್ಬರಂತೆ ಸೇರುತ್ತಿದ್ದರು. ನಕ್ಷೆ ಕೊಟ್ಟರೆ ನಮ್ಮ ಜನ ತಲೆಕೆಳಗಾಗಿ ಹಿಡಿದುಕೊಂಡು ತಲೆಯಾಡಿಸುವವರು. ಅದಕ್ಕೆ ಭಾವ ಒಂದು ಉಪಾಯ ಮಾಡಿದ್ದ. ದೋಣಿಯ ಹಳೆಯ ಹಗ್ಗವೊಂದನ್ನು ಹಾಲಿನ ನೆಲದ ಮೇಲೆ, ರಸ್ತೆ ಎಲ್ಲೆಲ್ಲಿ ಬಳುಕುತ್ತದೋ ಅಲ್ಲಲ್ಲಿ ಬಳುಕಿಸಿ ಹಾಸುತ್ತಿದ್ದ. ಶಾಲೆ ಇರುವಲ್ಲಿ ಒಂದು ಡಸ್ಟರ್, ಐಸ್ ಫ್ಯಾಕ್ಟರಿ ಇರುವಲ್ಲಿ ಒಂದು ಇಟ್ಟಿಗೆ. ಆಮೇಲೆ ರಸ್ತೆಯ ಗುಂಡಿಗಳಿಗೆ ಅಂಗಿಯ ಗುಂಡಿಗಳನ್ನು ಇಡುತ್ತಿದ್ದ.

ಆ ಗುಂಡಿಗಳು ನನ್ನವು. ದೋಣಿಕಟ್ಟೆಯ ಎದುರಿಗೆ ನನ್ನ ಹೊಲಿಗೆ ಅಂಗಡಿ. ಸಭೆಯ ಹಿಂದಿನ ದಿನ ಭಾವ ಬಂದು ನನ್ನ ತಗಡಿನ ಡಬ್ಬಕ್ಕೆ ಕೈಹಾಕಿ ಒಂದು ಹಿಡಿ ಎತ್ತಿಕೊಳ್ಳುತ್ತಿದ್ದ. ಅಂಗಿಯ ಸಣ್ಣ ಗುಂಡಿ ಎಂದರೆ ಮೇಲಿಂದ ಜಲ್ಲಿ ತುಂಬಿ ಡಾಂಬರು ಬಳಿದರೆ ಸಾಕು ಎಂದು. ಕೋಟಿನ ದೊಡ್ಡ ಗುಂಡಿ ಎಂದರೆ ರಸ್ತೆ ಅಗೆದು ಕೆಳಗೆ ಪೈಪು ಹಾಕಬೇಕು, ದೊಡ್ಡ ಕೆಲಸ ಎಂದು. ವಾಪಸು ಬರುವಾಗ ಯಾವಾಗಲೂ ಒಂದೆರಡು ಕಮ್ಮಿ ಇರುತ್ತಿದ್ದವು.

“ರಸ್ತೆ ಗುಂಡಿ ಮುಚ್ಚೋಕೆ ಹೋಗಿ ಜನರ ಅಂಗಿ ಬಾಯಿ ತೆಗೆಸ್ತಿದ್ದೀಯ” ಎನ್ನುತ್ತಿದ್ದೆ.

“ಲೆಕ್ಕಕ್ಕೆ ಬರೆದ್ಕೋ, ನಿಮ್ಮಕ್ಕ ಕೊಡ್ತಾಳೆ” ಎನ್ನುತ್ತಿದ್ದ.

ಸಭೆಯಲ್ಲಿ ದೊಡ್ಡವರೆನಿಸಿಕೊಂಡವರೇ ಯಾರೂ ನೋಡದಿರುವಾಗ ಕಾಲಿನ ಹೆಬ್ಬೆರಳಲ್ಲಿ ಒಂದು ಗುಂಡಿಯನ್ನು ತಮ್ಮ ಮನೆಯ ಮುಂದಕ್ಕೆ ತಳ್ಳುತ್ತಿದ್ದರು. ಭಾವ ನೋಡಿಯೂ ನೋಡದವನಂತೆ ಇರುತ್ತಿದ್ದ. ಎಲ್ಲರೂ ಎದ್ದುಹೋದ ಮೇಲೆ ಅದನ್ನು ಮತ್ತೆ ಅದರ ಜಾಗಕ್ಕೆ ತಂದಿಡುತ್ತಿದ್ದ.

ಇನ್ನೊಂದು ಮಾತು ಹೇಳಬೇಕು. ನಮ್ಮ ಗುಂಡಿಗಳಿಗೆಲ್ಲ ಹೆಸರಿದೆ. ಮೊದಲು ಯಾರು ಬಿದ್ದರೋ ಅವರದೇ ಹೆಸರು. ಪೋಸ್ಟ್‌ಮ್ಯಾನ್ ಚೀಲ ಸಮೇತ ಬಿದ್ದು ಊರಿನ ಕಾಗದಗಳನ್ನೆಲ್ಲ ಒದ್ದೆ ಮಾಡಿದ್ದು ಪೋಸ್ಟ್‌ಮ್ಯಾನ್ ಗುಂಡಿ. ಗಂಡಿನ ಕಡೆಯವರ ಗಾಡಿ ಆಕ್ಸೆಲ್ ಮುರಿದುಕೊಂಡು, ಹೆಣ್ಣಿನ ಕಡೆಯವರು ಅವರನ್ನೆಲ್ಲ ಇನ್ನೆರಡು ದಿನ ಸಾಕಬೇಕಾಗಿ ಬಂದದ್ದು ಬೀಗರ ಗುಂಡಿ. ಮುದುಕರೊಬ್ಬರ ಕಟ್ಟಿಸಿದ ಹಲ್ಲು ಉದುರಿದ್ದು ಹಲ್ಲಿನ ಗುಂಡಿ. ಹೆಡ್‌ಮೇಷ್ಟ್ರು ತಮ್ಮ ಹೆಸರು ತೆಗೆಸಬೇಕೆಂದು ಬಹಳ ಹೋರಾಡಿದರು. ಭಾವ ಗುಂಡಿಯನ್ನು ಚೆನ್ನಾಗಿ ಮುಚ್ಚಿಕೊಟ್ಟ, ಹೆಸರು ಮುಚ್ಚಲು ಮತ್ತೆ ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಅವರ ಮೊಮ್ಮಗನೇ ಡಬ್ಬದಲ್ಲಿ ಕೂತು “ಹೆಡ್‌ಮೇಷ್ಟ್ರ ಗುಂಡೀಲಿ ನಿಲ್ಸಿ” ಎನ್ನುತ್ತಿದ್ದ. ಡಬ್ಬ ಎಂದರೆ ನಮ್ಮ ರಸ್ತೆಯಲ್ಲಿ ಜನರನ್ನು ಹೊತ್ತು ಓಡಾಡುವ ಒಂದೇ ವ್ಯಾನು. ಅದರ ನಿಲ್ದಾಣಗಳೆಲ್ಲ ಈ ಗುಂಡಿಗಳೇ. ಡ್ರೈವರು ಒಂದೊಂದೇ ಹೆಸರು ಕೂಗುತ್ತ, ಯಾರು ಇಳಿಯುತ್ತೀರಿ ಎಂದು ಕೇಳುತ್ತ ಹೋಗುತ್ತಿದ್ದ.

ಇಷ್ಟೆಲ್ಲ ನಗುನಗುತ್ತ ಹೇಳುತ್ತಿದ್ದೇನೆ. ಇನ್ನು ನಗು ಬರುವುದಿಲ್ಲ.

ಅಕ್ಕ, ಭಾವನಿಗೆ ಬಹಳ ಕಾಲ ಮಕ್ಕಳಿರಲಿಲ್ಲ. ಆಮೇಲೆ ಒಬ್ಬಳು ಹುಟ್ಟಿದಳು. ಹುಟ್ಟಿದ ಗಳಿಗೆಯಿಂದ ಅಳು. ಹಾಲು ಕೊಟ್ಟರೂ ಅಳು, ಎತ್ತಿಕೊಂಡರೂ ಅಳು. ಸಣ್ಣ ದನಿಯಲ್ಲಿ ಎಳೆದು ಎಳೆದು ಅಳುತ್ತಿದ್ದಳು. “ಇದೇನು ಮಗುವೋ, ಪಿಟೀಲೋ” ಎಂದೆ ನಾನು. ಹೆಸರು ಅಂಟಿಕೊಂಡಿತು. ಅಳು ನಿಂತ ಮೇಲೆ ಮಾತು ಶುರುವಾಯಿತು, ಅದೂ ನಿಲ್ಲಲಿಲ್ಲ. ಶಾಲೆ ಬಿಟ್ಟ ಮೇಲೆ ನನ್ನ ಅಂಗಡಿಗೆ ಬಂದು ಮಿಷನ್ನಿನ ಕೆಳಗೆ ಕೂತು, ಚೂರು ಬಟ್ಟೆಗಳನ್ನು ಬಣ್ಣವಾರು ಜೋಡಿಸುತ್ತ ಇಡೀ ದ್ವೀಪದ ಸುದ್ದಿ ಹೇಳುತ್ತಿದ್ದಳು. ಯಾರ ಮನೆಯಲ್ಲಿ ಯಾರಿಗೆ ಬೈಗುಳ ಬಿತ್ತು ಎಂಬುದು ಅವಳ ಬಾಯಿಂದಲೇ ನನಗೆ ಗೊತ್ತಾಗುತ್ತಿದ್ದುದು.

ಅವಳಿಗೆ ಹನ್ನೊಂದು ತುಂಬಿದ ವರ್ಷ ಸರಕಿನ ದೋಣಿ ತಡವಾಗಿ ಬಂತು. ಡ್ರಮ್ಮುಗಳೂ ಕಮ್ಮಿ. ಸಭೆಯಲ್ಲಿ ದೋಣಿಕಟ್ಟೆಯಿಂದ ಶುರುಮಾಡುವುದೆಂದು ಎಲ್ಲರೂ ಒಪ್ಪಿದ್ದರು. ಭಾವ ಹಾಗೇ ಮಾಡಿದ. ಡಾಂಬರು ಶಾಲೆ ದಾಟಿ, ಸಮುದ್ರದ ತಿರುವಿನ ಈಚೆಗೇ ಮುಗಿದುಹೋಯಿತು. ತಿರುವಿನಲ್ಲಿ ಒಂದು ಗುಂಡಿ ಉಳಿಯಿತು. ಅದರೊಳಗೆ ಒಂದು ಕೋಲು ನೆಟ್ಟು, ನನ್ನ ಅಂಗಡಿಯ ಕೆಂಪು ಚೂರು ಬಟ್ಟೆ ಕಟ್ಟಿದರು. ಕಟ್ಟಿದವಳು ಪಿಟೀಲೇ, ಅಪ್ಪನ ಹೆಗಲ ಮೇಲೆ ಕೈಯಿಟ್ಟು ಬಗ್ಗಿ ನಿಂತು. ಆ ವಾರ ಗಾಳಿ ಜೋರಿತ್ತು. ಕೋಲು ಯಾವಾಗ ಹಾರಿಹೋಯಿತೋ ಗೊತ್ತಿಲ್ಲ. ಸಂಜೆ ಮಳೆ ನೀರು ನಿಂತು ಗುಂಡಿಯೂ ರಸ್ತೆಯೂ ಒಂದೇ ಆಗಿತ್ತು. ಸೈಕಲ್ಲಿನಲ್ಲಿ ಬಂದಳು. ತಲೆ ಅಂಚಿನ ಕಲ್ಲಿಗೆ ಬಡಿಯಿತು. ಆರೋಗ್ಯ ಕೇಂದ್ರದ ಸಿಸ್ಟರ್ ಕೈಲಾದದ್ದು ಮಾಡಿದರು. ಆಚೆ ದಡಕ್ಕೆ ಒಯ್ಯಬೇಕಿತ್ತು, ಆ ಸಮುದ್ರಕ್ಕೆ ಯಾವ ದೋಣಿಯೂ ಇಳಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು.

ಆ ಗುಂಡಿಗೆ ಯಾರೂ ಬೇಕೆಂದು ಹೆಸರಿಡಲಿಲ್ಲ. ಡಬ್ಬದ ಡ್ರೈವರು ಎಲ್ಲಿ ಇಳೀತೀರಿ ಎಂದು ಕೇಳಿದ್ದಕ್ಕೆ ಯಾವಳೋ ಅಜ್ಜಿ “ಪಿಟೀಲು ಬಿದ್ದಳಲ್ಲಪ್ಪ, ಅಲ್ಲಿ” ಎಂದಳಂತೆ. ಅಜ್ಜಿ ಹೇಳುವಾಗ ಕಣ್ಣಲ್ಲಿ ನೀರಿತ್ತಂತೆ. ಇನ್ನೊಂದು ವಾರಕ್ಕೆ ಮತ್ತೊಬ್ಬರು ಹೇಳಿದರು, ಕಣ್ಣೀರಿಲ್ಲದೆ. ಮುಂದಿನ ಗಾಳಿಗಾಲದ ಹೊತ್ತಿಗೆ ಅದು ಪಿಟೀಲು ಗುಂಡಿ ಆಗಿತ್ತು, ಹಲ್ಲಿನ ಗುಂಡಿ, ಬೀಗರ ಗುಂಡಿಗಳ ಸಾಲಿನಲ್ಲಿ.

ಅಕ್ಕ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಮನೆ ತಿರುವಿನ ಆಚೆ. ದಿನಾ ಎರಡು ಸಲ ಡಬ್ಬದಲ್ಲಿ ಕೂತು ಆ ಕೂಗು ಕೇಳಬೇಕು. ಒಂದು ದಿನ ಡಬ್ಬದಿಂದ ಇಳಿದವಳು ಮತ್ತೆ ಹತ್ತಲಿಲ್ಲ. ದಿಬ್ಬದ ಮೇಲಿನ ಕಾಲುದಾರಿಯಲ್ಲಿ ನಡೆದು ಹೋಗತೊಡಗಿದಳು. ಮೂರು ಪಟ್ಟು ದೂರ, ಅದೂ ಏರು. ಮಳೆಯಲ್ಲಿ ಜಾರಿ ಬಿದ್ದಳು, ಮಂಡಿ ಊದಿಸಿಕೊಂಡಳು, ದಾರಿ ಮಾತ್ರ ಬದಲಿಸಲಿಲ್ಲ.

“ನನ್ನ ಮಗಳ ಹೆಸರು ತಗೊಂಡ್ಹೋಗಿ ಗುಂಡಿಗೆ ಇಟ್ರಲ್ಲ” ಎಂದಳು ನನ್ನ ಹತ್ತಿರ, ಒಂದೇ ಸಲ. ಆಮೇಲೆ ಆ ಹೆಸರು ಅವಳ ಬಾಯಲ್ಲಿ ಬರಲಿಲ್ಲ. ಮಗುವಿನ ಬಟ್ಟೆ, ಪುಸ್ತಕ, ಚಪ್ಪಲಿ ಎಲ್ಲ ಒಂದು ಟ್ರಂಕಿಗೆ ಹೋದವು, ಟ್ರಂಕು ಮಂಚದ ಕೆಳಗೆ ಹೋಯಿತು. ಹೇಳಲೇಬೇಕಾದಾಗ “ಆಗ” ಎನ್ನುತ್ತಿದ್ದಳು. “ಆಗ ಕೊಂಡ ಪಾತ್ರೆ ಇದು”, “ಆಗ ಬಳಿಸಿದ್ದು ಸುಣ್ಣ.” ಒಂದು ಮಧ್ಯಾಹ್ನ ಊಟ ಮಾಡುತ್ತಿರುವಾಗ ಭಾವ ಏನೋ ನೆನೆದು ನಕ್ಕು, “ನಮ್ಮ ಪಿಟೀಲು ಇದ್ದಿದ್ರೆ” ಎಂದು ಶುರುಮಾಡಿದ. ಅಕ್ಕ ಎಂಜಲು ಕೈಯಲ್ಲೇ ಎದ್ದುಹೋದಳು. ಭಾವ ತಟ್ಟೆಯನ್ನೇ ನೋಡುತ್ತ ಕೂತ. ಅವತ್ತಿನಿಂದ ಅವನೂ ಮನೆಯೊಳಗೆ ಆ ಹೆಸರು ಎತ್ತಲಿಲ್ಲ. ಗಂಡನಿಗೆ ಆ ಹೆಸರು ಕಿವಿಗೆ ಬೀಳಬೇಕು, ಹೆಂಡತಿಗೆ ಬೀಳಬಾರದು. ಇಷ್ಟೇ ಅವರ ಸಂಸಾರ, ಆಮೇಲಿನ ವರ್ಷಗಳಲ್ಲಿ.

ಆ ಗುಂಡಿಯ ಗುಣವೇ ಬೇರೆ. ಕೆಳಗೆ ಹಳೆಯ ಪೈಪು ಒಡೆದಿತ್ತು. ಉಬ್ಬರದಲ್ಲಿ ಸಮುದ್ರದ ನೀರು ಅಡಿಯಿಂದ ನುಗ್ಗಿ, ಇಳಿಯುವಾಗ ಮಣ್ಣನ್ನೂ ಎಳೆದುಕೊಂಡು ಹೋಗುತ್ತಿತ್ತು. ಇವತ್ತು ತುಂಬಿದ್ದು ನಾಳೆಗೆ ಕುಸಿಯುತ್ತಿತ್ತು. ಭಾವ ದಿನಾ ತುಂಬಿದ. ಬೆಳಗ್ಗೆ ತಳ್ಳುಗಾಡಿಯಲ್ಲಿ ಮರಳು, ಜಲ್ಲಿಚೂರು ತಂದು ಸುರಿದು, ದಿಮ್ಮಸಿನಲ್ಲಿ ಕುಟ್ಟಿ ಸಮ ಮಾಡುತ್ತಿದ್ದ. ಜ್ವರ ಬಂದರೂ ತಲೆಗೆ ಟವೆಲ್ ಸುತ್ತಿಕೊಂಡು ಹೋಗುತ್ತಿದ್ದ. ಕೂಲಿಯವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. “ಪಾಪ, ಮಗಳ ಗುಂಡಿ” ಎಂದು ಜನ ಲೊಚಗುಟ್ಟಿ ಮುಂದೆ ಹೋಗುತ್ತಿದ್ದರು.

ನಾನೂ ಎಷ್ಟೋ ಸಲ ನೋಡಿದ್ದೇನೆ. ಕೆಲಸ ಮುಗಿದರೂ ಅವನು ಹೋಗುತ್ತಿರಲಿಲ್ಲ. ದಿಮ್ಮಸಿಗೆ ಆನಿಕೊಂಡು, ಬೀಡಿ ಹಚ್ಚದೆ ಕೈಯಲ್ಲಿ ಹಿಡಿದುಕೊಂಡು ನಿಂತಿರುತ್ತಿದ್ದ. ಡಬ್ಬ ಬರುತ್ತಿತ್ತು. “ಪಿಟೀಲು ಗುಂಡಿ, ಯಾರು ಇಳಿಯೋದು?” ಎಂದು ಡ್ರೈವರು ಕೂಗುತ್ತಿದ್ದ. ಭಾವ ಪಕ್ಕಕ್ಕೆ ಸರಿದು, ಕೈಯೆತ್ತಿ, ಡಬ್ಬ ಹೋದ ಮೇಲೆ ಗಾಡಿ ತಳ್ಳಿಕೊಂಡು ಹೊರಡುತ್ತಿದ್ದ. ಈ ಡ್ರೈವರಿಗೆ ಸ್ವಲ್ಪವಾದರೂ ಬುದ್ಧಿ ಬೇಡವೇ, ಹೆತ್ತ ಅಪ್ಪನ ಮುಂದೆ ಹೀಗೆ ಕೂಗುವುದೇ ಎಂದು ನನಗೆ ಮೈ ಉರಿಯುತ್ತಿತ್ತು.

ಹೀಗೆ ವರ್ಷಗಳು ಹೋದವು. ಭಾವನ ಕೂದಲು ಬೆಳ್ಳಗಾಯಿತು. ನಿವೃತ್ತಿಗೆ ಇನ್ನು ಒಂದು ಗಾಳಿಗಾಲ ಇದೆ ಎನ್ನುವಾಗ ಆಚೆ ದಡದಿಂದ ಹೊಸ ಇಂಜಿನಿಯರ್ ಬಂದಳು. ಚಿಕ್ಕ ವಯಸ್ಸಿನ ಹುಡುಗಿ, ದೋಣಿಯಿಂದ ಇಳಿಯುವಾಗಲೇ ವಾಂತಿ ಮಾಡಿಕೊಂಡು ಹೆಣದ ಹಾಗಿದ್ದಳು. ಮಾರನೆಯ ದಿನ ಭಾವನ ಜೊತೆ ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ನಡೆದಳು. ಭಾವನಿಗೆ ಅವಳು ಹಿಡಿಸಿದಳು. “ಚುರುಕಿದ್ದಾಳೆ. ಕೇಳಿದ್ದನ್ನ ಎರಡನೇ ಸಲ ಕೇಳಲ್ಲ” ಎಂದು ಅಂಗಡಿಗೆ ಬಂದು ಹೇಳಿದ. ಹೇಳುತ್ತ ನನ್ನ ತಗಡಿನ ಡಬ್ಬಕ್ಕೆ ಕೈಹಾಕಿ ಗುಂಡಿ ಆರಿಸಿಕೊಂಡ.

ಸಭೆಗೆ ಆ ವರ್ಷ ಅಕ್ಕನೂ ಬಂದಿದ್ದಳು. ಐಸ್ ಫ್ಯಾಕ್ಟರಿಗೆ ರಜೆ ಇತ್ತು, ಗಂಡನ ಕೊನೆಯ ಸಭೆ, ಬಾ ಎಂದು ನಾನೇ ಎಳೆದುಕೊಂಡು ಹೋಗಿದ್ದೆ. ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೂತೆವು. ಹಗ್ಗ ಹಾಸಿತ್ತು. ಇಂಜಿನಿಯರ್ ಹುಡುಗಿ ಅದನ್ನು ನೋಡಿ ಖುಷಿಯಾಗಿ, ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತುಬಿಟ್ಟಳು. ಒಂದೊಂದೇ ಗುಂಡಿ ಮುಟ್ಟಿ ಹೆಸರು ಕೇಳಿದಳು. ಜನ ಮುಗಿಬಿದ್ದು ಹೇಳಿದರು. ಹಲ್ಲಿನ ಗುಂಡಿಯ ಕಥೆಗೆ ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ತಿರುವಿಗೆ ಬಂದಳು. ಅಲ್ಲಿ ಅಂಗಿಯ ಒಂದು ಸಣ್ಣ ಬಿಳಿ ಗುಂಡಿ ಇತ್ತು.

“ಇದು?”

“ಪಿಟೀಲು ಗುಂಡಿ” ಎಂದ ಯಾರೋ, ನಗುವಿನ ಭರದಲ್ಲೇ.

“ಯಾಕೆ, ಇಲ್ಲಿ ಯಾರಾದರೂ ಪಿಟೀಲು ನುಡಿಸೋರು ಬಿದ್ರಾ?”

ನಗುತ್ತಿದ್ದವರೆಲ್ಲ ತಿರುಗಿ ನಮ್ಮ ಬೆಂಚಿನ ಕಡೆ ನೋಡಿದರು. ಇಂಜಿನಿಯರ್ ಹುಡುಗಿಗೆ ಅರ್ಥವಾಗಲಿಲ್ಲ. ಪಾಪ, ಅರ್ಥವಾಗುವುದಾದರೂ ಹೇಗೆ. ತನ್ನ ಕೆಲಸಕ್ಕೆ ಮರಳಿ ಹೇಳಿದಳು: “ಇದಕ್ಕೆ ದೊಡ್ಡ ಗುಂಡಿ ಇಡಬೇಕಲ್ವಾ? ನಿನ್ನೆ ನೋಡಿದ್ವಲ್ಲ, ಕೆಳಗೆ ಪೈಪು ಒಡೆದಿದೆ. ಮೇಲಿಂದ ಎಷ್ಟು ತುಂಬಿದ್ರೂ ನಿಲ್ಲಲ್ಲ. ದೋಣಿಕಟ್ಟೆ ಶೆಡ್ಡಿನ ಹಿಂದೆ ಎರಡು ಪೈಪು ಹಾಗೇ ಬಿದ್ದಿದೆ, ಟಾರ್ಪಾಲು ಹೊದಿಸಿದೆ. ಅದೇ ಸಾಕಲ್ಲ ಇದಕ್ಕೆ.”

ಭಾವ ಬಗ್ಗಿ ಹಗ್ಗದ ತುದಿಯನ್ನು ಸರಿಮಾಡಿದ, ಅದು ಸರಿಯಾಗಿಯೇ ಇತ್ತು.

ಅಕ್ಕ ಎದ್ದು ನಿಂತಳು. “ಆ ಪೈಪು ಅಲ್ಲಿ ಯಾವಾಗಿಂದ ಇದೆ?”

ಶೆಡ್ಡಿನ ಕಾವಲಿನ ಮುದುಕ, ಕೇಳಿದ್ದಕ್ಕೆ ಹೇಳಬೇಕು ಅನ್ನುವ ಭೋಳೆ ಮನುಷ್ಯ, ಹೇಳಿದ: “ಶಾಲೆ ಹತ್ರ ಮೋರಿ ಕಟ್ಟಿದಾಗ ಉಳಿದಿದ್ದಲ್ವಾ ಅದು. ನಿಮ್ಮ ಹುಡುಗಿ ಹೋದ ಮಾರನೇ ವರ್ಷ.”

ಅಕ್ಕ ಹಗ್ಗದ ಪಕ್ಕದಲ್ಲೇ ನಡೆದು ಹೊರಗೆ ಹೋದಳು. ನಾನು ಹಿಂದೆ ಓಡಿದೆ. ದಿಬ್ಬ ಹತ್ತುವವರೆಗೂ ಅವಳು ತಿರುಗಿ ನೋಡಲಿಲ್ಲ.

ಭಾವ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ನಾನು ಏಳಲು ಹೋದರೆ ಕೈಹಿಡಿದು ಕೂರಿಸಿದಳು.

“ಬೇಕೂಂತಲೇ ಬಿಟ್ಟಿದ್ದೆ ಅಲ್ವಾ” ಎಂದಳು.

ಅವನು ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ಕೂತ. “ಹೌದು.”

“ಇನ್ನೊಬ್ಬರ ಮಗು ಬಿದ್ದಿದ್ರೆ?”

“ಬೀಳೋಕೆ ಬಿಡ್ಲಿಲ್ಲ. ಒಂದು ದಿನಾನೂ ಬಿಡದೆ ತುಂಬಿದೀನಿ.”

“ಒಂದು ಪೈಪು ಹಾಕಿದ್ರೆ ಮುಗೀತಿತ್ತು. ನಾನು ಈ ಮಂಡಿ ಇಟ್ಕೊಂಡು ದಿಬ್ಬ ಹತ್ತಿ ಇಳೀತಿದ್ದೆ, ನೀನು ನೋಡ್ತಿದ್ದೆ. ಆ ಡಬ್ಬದವನು ಅವಳ ಹೆಸರು ಹಿಡಿದು ದಿನಾ ಕೂಗೋದನ್ನ ನೀನೇ ನಡೆಸ್ತಿದ್ದೆ.”

“ಬೇರೆಲ್ಲಿ ಕೇಳ್ತಿತ್ತು ನನಗೆ?” ಎಂದ ಭಾವ. ಅವನ ದನಿ ಏರಲಿಲ್ಲ. “ಈ ಮನೇಲಿ ಕೇಳ್ತಿತ್ತಾ? ನೀನು ಹೇಳ್ತಿರಲಿಲ್ಲ. ನನಗೆ ಹೇಳೋಕೆ ಬಿಡ್ತಿರಲಿಲ್ಲ. ಆ ಡ್ರೈವರು ದಿನಕ್ಕೆ ನಾಕು ಸಲ ಕರೀತಿದ್ದ ಅವಳನ್ನ. ಗುಂಡಿಗಾದ್ರೂ ಸರಿ, ಕರೀತಿದ್ದ. ಗುಂಡಿ ಮುಚ್ಚಿದ್ರೆ ಒಂದೆರಡು ವರ್ಷ ಅಂತಾರೆ, ಆಮೇಲೆ ಬಿಡ್ತಾರೆ. ನನಗೆ ಗೊತ್ತು. ರಸ್ತೆಯವನಲ್ವಾ ನಾನು.”

ಅವನು ಅಲ್ಲಿ ದಿಮ್ಮಸಿಗೆ ಆನಿಕೊಂಡು ಯಾಕೆ ನಿಂತಿರುತ್ತಿದ್ದ ಎಂದು ನನಗೆ ಆಗ ತಿಳಿಯಿತು. ಅಕ್ಕನಾದರೂ ಏನಾದರೂ ಹೇಳುತ್ತಾಳೆಂದು ಕಾದೆ. ಒಂದು ಸಲ, ಒಂದೇ ಒಂದು ಸಲ ಆ ಹೆಸರು ಹೇಳಿದ್ದರೆ ಸಾಕಿತ್ತು. ಅವಳ ತುಟಿ ಅಲುಗಿದ್ದೂ ನಿಜ.

“ಮುಚ್ಚು” ಎಂದಳು.

“ಆಯ್ತು” ಎಂದ ಭಾವ.

ಆ ಕೆಲಸವನ್ನು ಅವನು ಮಾಡಿದ ರೀತಿ ನೋಡಬೇಕಿತ್ತು. ರಸ್ತೆಯನ್ನು ಅಡ್ಡಕ್ಕೆ ಸೀಳಿ, ಹಳೆಯ ಪೈಪಿನ ಚೂರುಗಳನ್ನು ಕೈಯಿಂದ ಹೆಕ್ಕಿ ತೆಗೆದ. ಇಳಿತದ ಹೊತ್ತು ನೋಡಿಕೊಂಡು ಹೊಸ ಪೈಪು ಕೂರಿಸಿದ. ಎರಡು ಕಡೆಗೂ ಸಿಮೆಂಟಿನ ಕಟ್ಟೆ ಕಟ್ಟಿ, ಒದ್ದೆ ಗೋಣಿ ಹೊದಿಸಿ, ಅದು ಗಟ್ಟಿಯಾಗುವವರೆಗೆ ದಿನಾ ನೀರು ಹನಿಸಿದ. ಇಂಜಿನಿಯರ್ ಹುಡುಗಿ ಅಷ್ಟರಲ್ಲಿ ಯಾರಿಂದಲೋ ಎಲ್ಲ ತಿಳಿದುಕೊಂಡಿದ್ದಳು. ಅವನ ಮುಂದೆ ನಿಂತು ಏನೋ ಹೇಳಲು ಹೋಗಿ ಅತ್ತುಬಿಟ್ಟಳು. “ನೀನು ನಿನ್ನ ಕೆಲಸ ಮಾಡಿದ್ದೀಯಮ್ಮ” ಎಂದು ಇವನೇ ಸಮಾಧಾನ ಮಾಡಿ, ನೀರಿನ ಕೊಡ ಅವಳ ಕೈಗೆ ಕೊಟ್ಟು ಗೋಣಿಗೆ ಹನಿಸಲು ಹೇಳಿದ. ರೋಲರ್ ಕೂಡ ಆ ವಾರ ತಕರಾರು ಮಾಡಲಿಲ್ಲ.

ರಸ್ತೆ ತೆರೆದ ದಿನ ನಾನು ಡಬ್ಬದಲ್ಲಿದ್ದೆ. ತಿರುವು ಬಂದ ಕೂಡಲೇ ಎಲ್ಲರೂ ಅಭ್ಯಾಸದಂತೆ ಕಂಬಿ ಹಿಡಿದು, ಸೀಟಿನಿಂದ ಅಷ್ಟೆತ್ತರ ಎದ್ದು, ಹೊಡೆತಕ್ಕೆ ಮೈ ಬಿಗಿಮಾಡಿಕೊಂಡರು. ಹೊಡೆತ ಬರಲಿಲ್ಲ. ಡಬ್ಬ ಸದ್ದಿಲ್ಲದೆ ಹೋಯಿತು. ನಾವೆಲ್ಲ ಗಾಳಿಯಲ್ಲಿ ಕೂತವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಜನ ಕೆಟ್ಟವರಲ್ಲ, ಅದೇ ಕಷ್ಟ. ಅಕ್ಕ ಸಭೆಯಿಂದ ಎದ್ದುಹೋದದ್ದು ಎಲ್ಲರ ಮನಸ್ಸಿಗೂ ನಾಟಿತ್ತು. ಇಷ್ಟು ವರ್ಷ ಆ ತಾಯಿಯ ಕಿವಿಗೆ ಏನು ಸುರಿದೆವು ಎಂದು ನಾಚಿಕೊಂಡರು. ತಮ್ಮತಮ್ಮಲ್ಲೇ ಮಾತಾಡಿಕೊಂಡು, ಡ್ರೈವರಿಗೂ ಹೇಳಿ, ಮಕ್ಕಳಿಗೂ ಗದರಿಸಿ, ಆ ಹೆಸರು ಬಿಟ್ಟರು. ಭಾವ ಒಂದೆರಡು ವರ್ಷ ಎಂದು ಲೆಕ್ಕ ಹಾಕಿದ್ದ. ಒಂದೆರಡು ವಾರವೂ ಆಗಲಿಲ್ಲ. ಅವನು ಕೆಲಸವಿಲ್ಲದಿದ್ದರೂ ಬೆಳಗ್ಗೆ ತಿರುವಿಗೆ ಹೋಗಿ ನಿಂತರೆ, ಡಬ್ಬ ಬಂದು “ತಿರುವು, ಯಾರು ಇಳಿಯೋದು?” ಎನ್ನುತ್ತಿತ್ತು. ಡ್ರೈವರು ಅವನ ಕಡೆ ನೋಡಿ, ನೋಡಿದ್ಯಾ ಮಾವ, ಹೇಗೆ ನೆನಪಿಟ್ಟುಕೊಂಡಿದೀನಿ ಎನ್ನುವಂತೆ ತಲೆಯಾಡಿಸುತ್ತಿದ್ದ. ಭಾವ ಕೈಯೆತ್ತುತ್ತಿದ್ದ.

ನಿವೃತ್ತಿಯಾದ ಮೇಲೆ ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಕೂರುವುದು ಶುರುವಾಯಿತು. ಮಾತು ಕಮ್ಮಿ. ಒಂದು ದಿನ ನಾನು ಶಾಲೆಯ ಯೂನಿಫಾರಂಗೆ ಅಂಚು ಹೊಲಿಯುತ್ತಿದ್ದೆ. ಅವನು ಮಿಷನ್ನಿನ ಕೆಳಗಿನ ಜಾಗ ನೋಡುತ್ತ, “ನೀನಾದ್ರೂ ಒಂದ್ಸಲ ಅನ್ನು” ಎಂದ.

ಏನು ಎಂದು ನಾನು ಕೇಳಲಿಲ್ಲ. ಮಿಷನ್ ನಿಲ್ಲಿಸಿ, “ಪಿಟೀಲು” ಎಂದೆ.

ಕಣ್ಣು ಮುಚ್ಚಿ ಕೇಳಿಸಿಕೊಂಡ. “ಇನ್ನೊಂದ್ಸಲ.”

“ಪಿಟೀಲು. ಲೇ ಪಿಟೀಲು, ಬಾಯಿ ಮುಚ್ಕೊಂಡು ಕೂರೇ, ಸೂಜಿ ಚುಚ್ಚಿಬಿಡ್ತೀನಿ ನೋಡು.”

ನಕ್ಕ. ಅವಳಿಗೆ ನಾನು ದಿನಾ ಹೇಳುತ್ತಿದ್ದುದು ಅದೇ. ನಗುತ್ತ ಮುಖ ಒರೆಸಿಕೊಂಡ. ಆಮೇಲೆ, “ನಿಮ್ಮಕ್ಕ ಕರೆಯೋದು ಬೇರೆ ತರ ಇರ್ತಿತ್ತು. ಕೊನೇಲಿ ಸ್ವಲ್ಪ ಎಳೀತಿದ್ದಳು” ಎಂದ. ಟೀ ತರಿಸಿದೆ, ಕುಡಿದು ಎದ್ದುಹೋದ.

ಅಕ್ಕನಿಗೆ ಹೇಳಿದೆ. ಬೈದೇ ಹೇಳಿದೆ. ಗಂಡ ಕಣ್ಣೆದುರೇ ಒಣಗುತ್ತಿದ್ದಾನೆ, ಒಂದು ಹೆಸರು ಹೇಳಲು ನಿನಗೇನು ರೋಗ ಎಂದೆ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಮತ್ತೆ ಬಿಚ್ಚಿ ಮಡಚಿದಳು. “ಬಾಯಿಗೆ ಬರಲ್ಲ ಕಣೆ. ಬಂದ್ರೆ ನಿಲ್ಲಲ್ಲ ಅಂತ ಹೆದರಿಕೆ” ಎಂದಳು. ನನ್ನ ಸಿಟ್ಟು ಹಾಗೇ ಉಳಿಯಿತು.

ಮುಂದಿನ ಗಾಳಿಗಾಲದಲ್ಲಿ ಭಾವ ಹೋದ. ಬೆಳಗ್ಗೆ ಹೊರಡಲೆಂದು ಚಪ್ಪಲಿಗೆ ಕಾಲು ಹಾಕುತ್ತಿದ್ದವನು ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತ. ಅಕ್ಕ ನೀರು ತರುವಷ್ಟರಲ್ಲಿ ಮುಗಿದಿತ್ತು. ದ್ವೀಪಕ್ಕೆ ದ್ವೀಪವೇ ಬಂತು. ಅವನನ್ನು ಹೊತ್ತ ಗಾಡಿ ಅವನದೇ ರಸ್ತೆಯ ಮೇಲೆ ಎಲ್ಲೂ ಕುಲುಕದೆ ಹೋಯಿತು. ಹೆಡ್‌ಮೇಷ್ಟ್ರು ನನ್ನ ಪಕ್ಕ ನಡೆಯುತ್ತ ಮಗುವಿನ ಹಾಗೆ ಅಳುತ್ತಿದ್ದರು.

ಅಕ್ಕನ ಮಂಡಿ ಈಗ ದಿಬ್ಬ ಹತ್ತುವ ಸ್ಥಿತಿಯಲ್ಲಿಲ್ಲ. ಕಾಲುದಾರಿ ಬಿಟ್ಟು, ಹೋದ ತಿಂಗಳಿನಿಂದ ಡಬ್ಬ ಹತ್ತುತ್ತಾಳೆ. ಹಳೆಯ ಡ್ರೈವರು ಬಿಟ್ಟುಹೋಗಿ, ಆಚೆ ದಡದಿಂದ ಹೊಸಬನೊಬ್ಬ ಬಂದಿದ್ದಾನೆ. ಮೊನ್ನೆ ಅವಳನ್ನು ಸಿಸ್ಟರ್ ಹತ್ತಿರ ತೋರಿಸಲು ನಾನು ಕರೆದುಕೊಂಡು ಹೋಗಿದ್ದೆ. ಸಂಜೆ ಅವಳನ್ನು ಮನೆಗೆ ಬಿಡಲು ವಾಪಸು ಹೊರಟಾಗ ಡಬ್ಬದಲ್ಲಿ ನಾವಿಬ್ಬರೇ. ಶಾಲೆ ದಾಟಿತು.

“ತಿರುವು, ಇಳೀತೀರಾ?” ಎಂದ ಹುಡುಗ, ಕನ್ನಡಿಯಲ್ಲಿ ನೋಡುತ್ತ.

“ತಿರುವು ಅಲ್ಲಪ್ಪ” ಎಂದಳು ಅಕ್ಕ. “ಪಿಟೀಲು ಗುಂಡಿ.”

ನಾನು ಅವಳ ಕಡೆ ತಿರುಗಿದೆ. ಅವಳು ಮುಂದೆಯೇ ನೋಡುತ್ತಿದ್ದಳು.

“ಗುಂಡಿ ಎಲ್ಲಿದೆಯಮ್ಮ ಇಲ್ಲಿ? ಇಡೀ ರಸ್ತೇಲಿ ಇಷ್ಟು ನುಣ್ಣಗಿರೋ ಜಾಗ ಇನ್ನೊಂದಿಲ್ಲ.”

“ಇತ್ತು. ನಮ್ಮನೆಯವರು ಮುಚ್ಚಿದ್ದು.”

“ಪಿಟೀಲು ಅಂದ್ರೆ ಯಾರು?”

“ನನ್ನ ಮಗಳು” ಎಂದಳು ಅಕ್ಕ. “ಪಿಟೀಲೂ ಅಂತ ಕರೀತಿದ್ವಿ. ಹುಟ್ಟಿದಾಗಿಂದ ಅಳು ಅವಳದು, ಎತ್ಕೊ ಬಿಡು ಅಳು.” ಹೆಸರಿನ ಕೊನೆಯಲ್ಲಿ ಸ್ವಲ್ಪ ಎಳೆದಳು, ಭಾವ ಹೇಳಿದ ಹಾಗೆಯೇ.

ದಾರಿಹೋಕ ಡ್ರೈವರಿಗೆ ಹೇಳುವ ಮಾತನ್ನು ಆ ಮನುಷ್ಯ ಇದ್ದಾಗ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳಬೇಕೆಂದು ಬಾಯಿ ತೆರೆದೆ. ಹುಡುಗ ಡಬ್ಬವನ್ನು ಪಕ್ಕಕ್ಕೆ ಹಾಕಿ ಇಂಜಿನ್ ಆರಿಸಿದ್ದ. ಸೀಟಿನಲ್ಲಿ ತಿರುಗಿ ಕೂತು ಕೇಳುತ್ತಿದ್ದ. ಅಕ್ಕನ ಮುಖವೆಲ್ಲ ನೀರು. ಒರೆಸಿಕೊಳ್ಳುವ ಗೋಜಿಗೂ ಹೋಗದೆ, ಮಗಳು ಮೊದಲ ಮಾತು ಕಲಿತದ್ದು, ಶಾಲೆಗೆ ಸೇರಿದ್ದು, ಸೈಕಲ್ ಬೇಕೆಂದು ಅಪ್ಪನಿಗೆ ದುಂಬಾಲು ಬಿದ್ದದ್ದು ಎಲ್ಲ ಹೇಳುತ್ತಿದ್ದಳು. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಅವಳು ಇನ್ನೂ ಹೇಳುತ್ತಲೇ ಇದ್ದಳು.